ಅಂಗಾಲಿನ ಕರಿಮಚ್ಚೆ: ಮೆಲನೋಮಾ ಎಂಬ ಅರ್ಬುದಕ್ಕಿರುವ ಚಿಕಿತ್ಸೆಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಪೂರ್ವೇತಿಹಾಸವನ್ನು ಕುರಿತು ಬರೆಯಬೇಕೆಂದು ಸಂಪಾದಕ ಸಮಿತಿಯವರು ನನ್ನನ್ನು ಕೇಳಿಕೊಂಡಿದ್ದರು. ಆ ಕಾರ್ಯವನ್ನು ನನಗಿಂತ ಸಮರ್ಥರಾದ ಮಿತ್ರರು ಇದೇ ಸಂಚಿಕೆಯಲ್ಲಿ ನೆರವೇರಿಸಿರುವುದರಿಂದ, ಬೇರೊಂದು ವಿಷಯವನ್ನು ಆರಿಸಿಕೊಳ್ಳಲು ನಾನು ಅನುಮತಿ ಬೇಡಿದೆನು. ವೈದ್ಯನಲ್ಲದವನು ರೋಗದ ವಿಷಯ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಗಡಿನಾಡಿನ ನಮಗೆ ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿ, ವಿವರಣೆ ಬಹುಮಟ್ಟಿಗೆ ಮಲಯಾಳದಲ್ಲಿ ದೊರೆಯುತ್ತವೆ. ಮನೆಯ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಆ ಕೊರತೆಯನ್ನು ತುಂಬುವುದಕ್ಕೆ ನಿವೃತ್ತ ಅಧ್ಯಾಪಕನೊಬ್ಬ ಪ್ರಯತ್ನಿಸಿದರೆ ತಪ್ಪಾಗಲಾರದು. ಮಂಗಳೂರಿನಲ್ಲಿ ವೈದ್ಯರಾಗಿರುವ ನಮ್ಮ ಹಳೆವಿದ್ಯಾರ್ಥಿಯೊಬ್ಬರು ಎರಡು ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ವಿಷಯವನ್ನು ತಿಳಿಯಹೇಳಿದರು. ಬರೆದುದನ್ನು ಓದಿ ತಿದ್ದಿಯೂ ಕೊಟ್ಟರು.

ಹಳೆವಿದ್ಯಾರ್ಥಿಗಳಲ್ಲಿ ಅನೇಕರ ಮನೆಯ ಪೆಟ್ಟಿಗೆಯಲ್ಲಿ ಎಸ್.ಎಸ್.ಎಲ್.ಸಿ. ಪುಸ್ತಕವಿರಬಹುದು. ಅದರಲ್ಲಿ ಗುರುತಿನ ಚಿಹ್ನೆಗಳೆಂಬ ಅಂಕಣವೊಂದುಂಟು. ‘ಬಲಗೆನ್ನೆಯ ಮೇಲೆ ಕರಿಮಚ್ಚೆ’, ‘ಎಡಮೊಣಕೈಯ ಕೆಳಗೆ ಕರಿಮಚ್ಚೆ’ ಎಂದು ಅಲ್ಲಿ ಬರೆದಿರುವುದನ್ನು ನೋಡಬಹುದು. ಮುಖ, ಕೈ, ಕುತ್ತಿಗೆಗಳಲ್ಲಿ ಕಾಣುವ ಮಚ್ಚೆಯನ್ನು ನಮೂದಿಸುವುದು ರೂಢಿ. ಅಂಗಾಲನ್ನು ತಿರುಗಿಸಿ ತೋರಿಸೆಂದು ಯಾವ ಮುಖ್ಯೋಪಾಧ್ಯಾಯರೂ ವಿದ್ಯಾರ್ಥಿಗೆ ಹೇಳಿದ್ದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ಈಗ ವಿವರಿಸಹೊರಟಿರುವ ರೋಗ ನಮ್ಮ ದೇಶದ ಜನರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಯಾರೂ ನೋಡದ ಆ ಜಾಗಗಳಲ್ಲಿಯೇ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಅಡಿ, ಬಾಯಿಯ ಒಳಭಾಗ, ಮೂಗಿನ ಒಳಭಾಗ, ಗುದದ್ವಾರ.

ನಮ್ಮ ಹೊರಚರ್ಮದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವುದು ಅವುಗಳ ಕೆಲಸ. ಅವು ಅಂಕೆ ತಪ್ಪಿ ಬೆಳೆಯತೊಡಗಿದರೆ ಉಂಟಾಗುವ ಅರ್ಬುದವೇ ಮೆಲನೋಮಾ. ಬಿಳಿಯ ಚರ್ಮದವರಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳು ಇದಕ್ಕೆ ಮುಖ್ಯ ಕಾರಣ. ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿ ಈ ರೋಗ ಲೋಕದಲ್ಲಿಯೇ ಅತಿ ಹೆಚ್ಚು. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲವೆಂಬಷ್ಟು ವಿರಳ. ಕಪ್ಪು ಚರ್ಮವೇ ನಮಗೆ ಕೊಡೆ ಹಿಡಿದಿದೆಯೆನ್ನಬಹುದು. ಆದರೆ ಅಂಗಾಲಿನ ಮೆಲನೋಮಾಕ್ಕೂ ಬಿಸಿಲಿಗೂ ಅಂತಹ ಸಂಬಂಧವಿಲ್ಲದ ಕಾರಣ ಆ ಕೊಡೆ ಅಲ್ಲಿ ನೆರವಾಗುವುದಿಲ್ಲ. ವಿರಳವಾಗಿರುವುದೇ ಇದರ ದೊಡ್ಡ ಅಪಾಯ. ಯಾರಿಗೂ ಇದರ ನೆನಪೇ ಬರುವುದಿಲ್ಲ. ಅಂಗಾಲಿನದನ್ನು ಆಣಿಯೆಂದೂ ಮುಳ್ಳು ಮುರಿದು ಉಳಿದ ಗಾಯವೆಂದೂ, ಗುದದ್ವಾರದ್ದನ್ನು ಮೂಲವ್ಯಾಧಿಯೆಂದೂ ತಿಳಿದು ತಿಂಗಳುಗಟ್ಟಲೆ ಕಳೆಯುತ್ತಾರೆ.

ಹಾಗೆ ಕಳೆದವರಲ್ಲಿ ನಮ್ಮ ಶಾಲೆಯವರೇ ಒಬ್ಬರಿದ್ದರು. ಬಹುಕಾಲ ಮಕ್ಕಳಿಗೆ ಮಧ್ಯಾಹ್ನದ ಗಂಜಿ, ಹೆಸರುಕಾಳಿನ ಪಲ್ಯ ಬೇಯಿಸಿ ಬಡಿಸಿದ ಆ ತಾಯಿಯನ್ನು ಮಕ್ಕಳು ‘ಗಂಜಿಯಕ್ಕ’ ಎಂದೇ ಕರೆಯುತ್ತಿದ್ದರು. ಮನೆಯವರ ಇಚ್ಛೆಯಂತೆ ಹೆಸರನ್ನು ಬರೆಯುವುದಿಲ್ಲ. 2016ರ ಮಳೆಗಾಲದಲ್ಲಿ ಅವರ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆ ಕಾಣಿಸಿತು. ಬರಿಗಾಲಿನಲ್ಲಿ ಅಡಿಕೆ ತೋಟಕ್ಕೆ ಹೋಗುವವರಿಗೆ ಕಾಲಿನಲ್ಲೊಂದು ಕಲೆ ಯಾವ ದೊಡ್ಡ ವಿಷಯ? ನಮ್ಮ ಕಡೆಯ ಪದ್ಧತಿಯಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚಿದರು. ಸುಣ್ಣ, ಸೋಡಾ ಕಲಸಿ ಹಚ್ಚಿದರು. ಒಂದು ಕಡೆ ಅದನ್ನು ಆಣಿಯೆಂದು ಬ್ಲೇಡಿನಿಂದ ಕೆರೆದೂ ಕೊಟ್ಟರು. ಕೆರೆದ ತುಣುಕನ್ನು ಯಾರೂ ಪರೀಕ್ಷೆಗೆ ಕಳುಹಿಸಲಿಲ್ಲ. 2018ರಲ್ಲಿ ತೊಡೆಸಂದಿನಲ್ಲಿ ಗಂಟು ಮೂಡಿದಾಗಲೇ ರೋಗದ ಹೆಸರು ತಿಳಿದದ್ದು. 2019ರಲ್ಲಿ ಅವರು ತೀರಿಕೊಂಡರು. ಈ ಲೇಖನಕ್ಕೆ ನಿಜವಾದ ಕಾರಣ ಅವರೇ.

ಇನ್ನು ಚಿಕಿತ್ಸೆಯ ವಿಷಯ. ಅದು ಮೊದಲಾಗುವುದು ಬಯಾಪ್ಸಿ ಎಂಬ ಪರೀಕ್ಷೆಯಿಂದ. ಕಲೆ ಚಿಕ್ಕದಾಗಿದ್ದರೆ ಸುತ್ತಲಿನ 1ರಿಂದ 3 ಮಿಲಿಮೀಟರ್ ಚರ್ಮದೊಡನೆ ಇಡಿಯಾಗಿ, ಪೂರ್ಣ ಆಳದವರೆಗೆ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಂಗಾಲಿನಲ್ಲಿ ದೊಡ್ಡದಾಗಿ ಹರಡಿದ್ದರೆ ಅತ್ಯಂತ ದಪ್ಪವಾಗಿರುವ ಜಾಗದಿಂದ ಒಂದು ತುಣುಕನ್ನು ತೆಗೆಯುವುದುಂಟು. ಮೇಲುಮೇಲಿಂದ ಹೆರೆದು ತೆಗೆದರೆ ಆಳ ತಿಳಿಯದೆ ಹೋಗುತ್ತದೆ. ‘ಕತ್ತಿ ತಾಗಿದರೆ ಅರ್ಬುದ ಕೆರಳಿ ಹರಡುತ್ತದೆ’ ಎಂಬ ಮಾತು ನಮ್ಮೂರಿನಲ್ಲಿ ಬಲವಾಗಿ ಬೇರೂರಿದೆ. ಕ್ರಮವಾಗಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ; ಈ ಭಯದಿಂದ ಕಳೆದ ಕಾಲದಲ್ಲಿ ಮಾತ್ರ ನಿಶ್ಚಯವಾಗಿ ಹರಡುತ್ತದೆ.

“ಮಾಸ್ಟ್ರೇ, ಈ ರೋಗದಲ್ಲಿ ಅಗಲಕ್ಕಿಂತ ಆಳ ಮುಖ್ಯ” ಎಂದು ನಮ್ಮ ವೈದ್ಯರು ಹೇಳಿದರು. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞರು 1970ರಲ್ಲಿ ತೋರಿಸಿಕೊಟ್ಟ ಸಂಗತಿಯಿದು. ಗಡ್ಡೆಯು ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆಯೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ ರೋಗಿಯ ಮುಂದಿನ ಸ್ಥಿತಿಯನ್ನು ಬಹುಮಟ್ಟಿಗೆ ಊಹಿಸಬಹುದು. 1 ಮಿಲಿಮೀಟರಿನವರೆಗೆ ಮೊದಲ ವರ್ಗ, 2ರವರೆಗೆ ಎರಡನೆಯದು, 4ರವರೆಗೆ ಮೂರನೆಯದು, ಅದಕ್ಕೂ ಆಳವಾದರೆ ನಾಲ್ಕನೆಯದು. ಶಾಲೆಯ ಅಡಿಕೋಲಿನಲ್ಲಿರುವ ಅತಿ ಚಿಕ್ಕ ಗೆರೆಗಳ ನಡುವಣ ಅಂತರವೇ 1 ಮಿಲಿಮೀಟರ್. ಅಷ್ಟರೊಳಗೆ ಸಿಕ್ಕಿದ ರೋಗವುಳ್ಳವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ಶಸ್ತ್ರಕ್ರಿಯೆಯೊಂದರಿಂದಲೇ ಗುಣಹೊಂದುತ್ತಾರೆ. ಗಂಜಿಯಕ್ಕನ ವರದಿಯಲ್ಲಿ ಬರೆದಿದ್ದ ಆಳ 5 ಮಿಲಿಮೀಟರಿಗೂ ಹೆಚ್ಚು. ಮೇಲ್ಭಾಗ ಹುಣ್ಣಾಗಿ ಒಡೆದಿದೆಯೇ ಎಂಬುದನ್ನೂ ವರದಿಯಲ್ಲಿ ಬರೆಯುತ್ತಾರೆ; ಒಡೆದಿದ್ದರೆ ಅಪಾಯ ಹೆಚ್ಚು. ಬಯಾಪ್ಸಿಯ ಕಾಗದ ಕೈಗೆ ಬಂದಾಗ ಈ ಎರಡು ಸಂಗತಿಗಳನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಆರಂಭದ ಹಂತಗಳಲ್ಲಿ ಶಸ್ತ್ರಕ್ರಿಯೆಗೆ ಪ್ರಥಮ ಸ್ಥಾನ. 1787ರಷ್ಟು ಹಿಂದೆಯೇ ಲಂಡನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಒಬ್ಬ ರೋಗಿಯ ದವಡೆಯ ಬಳಿಯಿಂದ ಇಂತಹ ಗಡ್ಡೆಯನ್ನು ತೆಗೆದು ಸೀಸೆಯಲ್ಲಿಟ್ಟಿದ್ದರು. ಅದು ಮೆಲನೋಮಾವೇ ಎಂದು ಖಚಿತವಾದದ್ದು 1968ರಲ್ಲಿ! ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಗಡ್ಡೆಯ ಸುತ್ತಲೂ 5 ಸೆಂಟಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಕತ್ತರಿಸಿ ತೆಗೆಯುವ ರೂಢಿಯಿತ್ತು. ಈಗ ಅಷ್ಟು ಬೇಕಾಗಿಲ್ಲವೆಂದು ಸಾವಿರಾರು ರೋಗಿಗಳ ಪರೀಕ್ಷೆಯಿಂದ ಸಿದ್ಧವಾಗಿದೆ. 1 ಮಿಲಿಮೀಟರಿನೊಳಗಿನ ಗಡ್ಡೆಗೆ ಸುತ್ತಲೂ 1 ಸೆಂಟಿಮೀಟರ್, 2 ಮಿಲಿಮೀಟರ್ ದಾಟಿದುದಕ್ಕೆ 2 ಸೆಂಟಿಮೀಟರ್ ಸಾಕು. ನಡುವಿನದಕ್ಕೆ ವೈದ್ಯರು ಜಾಗ ನೋಡಿ ನಿರ್ಧರಿಸುತ್ತಾರೆ. ಹಿಮ್ಮಡಿಯಲ್ಲಾದರೆ ತೊಡೆಯಿಂದಲೋ ಪಾದದ ಬೇರೆ ಭಾಗದಿಂದಲೋ ಚರ್ಮ ತಂದು ಮುಚ್ಚಬೇಕಾಗುತ್ತದೆ. ಗಾಯ ಮಾಯಲು ವಾರಗಳು ಬೇಕು. ನಡೆಯಲು ಮತ್ತೆ ಅಭ್ಯಾಸ ಮಾಡಬೇಕು. ಕಾಲನ್ನೇ ಕತ್ತರಿಸುತ್ತಾರೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರು ಇದನ್ನು ಗಮನಿಸಬೇಕು.

ಉಗುರಿನ ಅಡಿಯ ರೋಗಕ್ಕೆ ಎಷ್ಟೋ ವೇಳೆ ಬೆರಳಿನ ತುದಿಯ ಗೆಣ್ಣನ್ನು ತೆಗೆಯಬೇಕಾಗುತ್ತದೆ. ತೀರ ಆರಂಭದಲ್ಲಾದರೆ ಉಗುರಿನ ಹಾಸನ್ನು ಮಾತ್ರ ತೆಗೆಯುವುದೂ ಉಂಟು. ಜಮೈಕದ ಪ್ರಖ್ಯಾತ ಗಾಯಕ ಬಾಬ್ ಮಾರ್ಲಿ (ನಮ್ಮ ಮೊಮ್ಮಕ್ಕಳ ಅಂಗಿಗಳ ಮೇಲೆ ಇವನ ಚಿತ್ರವನ್ನು ನೋಡಿರುತ್ತೀರಿ) ಕಾಲಿನ ಹೆಬ್ಬೆರಳಿನ ಉಗುರಿನಡಿಯ ಗಾಯವನ್ನು ಕಾಲ್ಚೆಂಡಾಟದ ಪೆಟ್ಟೆಂದು ತಿಳಿದಿದ್ದನು. 1977ರಲ್ಲಿ ಅದು ಮೆಲನೋಮಾ ಎಂದು ತಿಳಿಯಿತು. ಬೆರಳನ್ನು ತೆಗೆಸಲು ಅವನು ಒಪ್ಪಲಿಲ್ಲ. 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲಿಯೇ ಇದೆ. ನನ್ನ ಸಹೋದ್ಯೋಗಿಗಳಾಗಿದ್ದ ಹಿಂದಿ ಅಧ್ಯಾಪಕರ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ ಮೂಡಿತ್ತು. ಕಪ್ಪು ಚರ್ಮದವರ ಹಲವು ಉಗುರುಗಳಲ್ಲಿ ಇಂತಹ ಗೆರೆಗಳಿರುವುದು ಸಾಮಾನ್ಯ, ಅದಕ್ಕೆ ಹೆದರಬೇಕಾಗಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತ ಬಂದು, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದರೆ ಸಂಶಯಪಡಬೇಕು. ಅವರದು ಹಾಗೆಯೇ ಇತ್ತು. 2017ರಲ್ಲಿ ಬೆರಳಿನ ತುದಿಯನ್ನು ತೆಗೆಸಿಕೊಂಡರು. ಬೇರೆ ಯಾವ ಔಷಧವೂ ಬೇಕಾಗಲಿಲ್ಲ. ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಗಳ ವಿಳಾಸಗಳನ್ನು ಈ ಸಲವೂ ಬರೆದವರು ಅವರೇ.

ಈ ಅರ್ಬುದವು ಮೊದಲು ಹರಡುವುದು ಸಾಮಾನ್ಯವಾಗಿ ಹತ್ತಿರದ ದುಗ್ಧಗ್ರಂಥಿಗಳಿಗೆ. ಕಾಲಿನದಾದರೆ ತೊಡೆಸಂದಿಗೆ, ಕೈಯದಾದರೆ ಕಂಕುಳಿಗೆ. ಹಿಂದೆ ಅಲ್ಲಿನ ಗ್ರಂಥಿಗಳನ್ನೆಲ್ಲ ತೆಗೆದುಬಿಡುತ್ತಿದ್ದರು. ಕಾಲು ಜೀವಮಾನವಿಡೀ ಆನೆಕಾಲಿನಂತೆ ಊದಿಕೊಳ್ಳುವುದುಂಟಾಗಿತ್ತು. ಡೊನಾಲ್ಡ್ ಮಾರ್ಟನ್ ಎಂಬ ಅಮೆರಿಕದ ಶಸ್ತ್ರವೈದ್ಯರು 1992ರಲ್ಲಿ ಪ್ರಕಟಿಸಿದ ವಿಧಾನ ಇದನ್ನು ಬದಲಾಯಿಸಿತು. ಗಡ್ಡೆಯಿದ್ದ ಜಾಗಕ್ಕೆ ನೀಲಿ ಬಣ್ಣವನ್ನು ಚುಚ್ಚಿದರೆ ಅದು ಹರಿದು ಮೊದಲು ತಲಪುವ ಗ್ರಂಥಿ ಯಾವುದೆಂದು ತಿಳಿಯುತ್ತದೆ. ಇದನ್ನು ಕಾವಲು ಗ್ರಂಥಿಯೆನ್ನೋಣ. ಅದನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ; ಅಲ್ಲಿ ರೋಗವಿಲ್ಲವಾದರೆ ಉಳಿದವನ್ನು ಮುಟ್ಟುವುದಿಲ್ಲ. ಕಾವಲು ಗ್ರಂಥಿಯಲ್ಲಿ ರೋಗ ಕಂಡರೂ ಉಳಿದ ಗ್ರಂಥಿಗಳನ್ನು ಒಡನೆ ತೆಗೆಯುವುದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು; ಈಗ ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಕಣ್ಣಿಟ್ಟಿರುವುದು ವಾಡಿಕೆ. ಗಡ್ಡೆ 1 ಮಿಲಿಮೀಟರಿಗಿಂತ ಆಳವಾಗಿದ್ದರೆ ಈ ಪರೀಕ್ಷೆ ಬೇಕೇ ಎಂದು ಕೇಳಲು ಸಂಕೋಚಪಡಬಾರದು.

ರೋಗವು ಶ್ವಾಸಕೋಶ, ಪಿತ್ತಕೋಶ, ಮೆದುಳುಗಳಿಗೆ ಹರಡಿದ ಮೇಲಿನ ಚಿಕಿತ್ಸೆಯ ಕಥೆಯನ್ನು 2011ಕ್ಕೆ ಮೊದಲು, 2011ರ ಅನಂತರ ಎಂದು ಎರಡು ಭಾಗ ಮಾಡಬಹುದು. ಮೊದಲು ಇದ್ದದ್ದು ಡಕಾರ್ಬಜಿನ್ ಎಂಬ ಕಿಮೋಥೆರಪಿ ಔಷಧ. 1975ರಿಂದ ಬಳಕೆಯಲ್ಲಿದ್ದ ಅದರಿಂದ ಗಡ್ಡೆ ಕುಗ್ಗುತ್ತಿದ್ದದ್ದು ಕೆಲವೇ ಜನರಲ್ಲಿ, ಅದೂ ಸ್ವಲ್ಪ ಕಾಲ. ಹೆಚ್ಚಿನವರು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಇಂಟರ್‌ಫೆರಾನ್ ಎಂಬ ಚುಚ್ಚುಮದ್ದೂ ಬಂತು. ಜ್ವರ, ನಿಶ್ಶಕ್ತಿಗಳನ್ನು ಧಾರಾಳವಾಗಿ ಕೊಟ್ಟು, ಗುಣವನ್ನು ಅಲ್ಪವಾಗಿ ಕೊಡುತ್ತಿದ್ದ ಅದನ್ನು ಈಗ ಬಹುತೇಕ ಕೈಬಿಟ್ಟಿದ್ದಾರೆ.

2011ರಲ್ಲಿ ಅಮೆರಿಕದಲ್ಲಿ ಎರಡು ಹೊಸ ಬಗೆಯ ಔಷಧಗಳಿಗೆ ಅನುಮತಿ ದೊರೆಯಿತು. ಒಂದು ಇಪಿಲಿಮುಮಾಬ್. ನಮ್ಮ ದೇಹದ ರೋಗನಿರೋಧಕ ಕೋಶಗಳು ಪರರನ್ನು ಹೊಡೆಯುವ ಸೈನಿಕರಿದ್ದಂತೆ. ಅವು ಮಿತಿಮೀರಿ ನಮ್ಮವರನ್ನೇ ಹೊಡೆಯದಂತೆ ಪ್ರಕೃತಿಯು ಅವುಗಳಿಗೆ ಲಗಾಮು ಹಾಕಿದೆ. ಅರ್ಬುದವು ಆ ಲಗಾಮನ್ನು ತನ್ನ ರಕ್ಷಣೆಗೆ ಉಪಯೋಗಿಸಿಕೊಳ್ಳುತ್ತದೆ. ಹೊಸ ಔಷಧ ಆ ಲಗಾಮನ್ನು ಸಡಿಲಿಸುತ್ತದೆ. ಅರ್ಬುದವನ್ನು ಕೊಲ್ಲುವ ಕೆಲಸ ದೇಹದ್ದೇ. ಈ ತತ್ತ್ವವನ್ನು ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಾಸುಕು ಹೊಂಜೊ ಇವರಿಗೆ 2018ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು. ಇದೇ ಗುಂಪಿನ ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎಂಬ ಔಷಧಗಳು 2014ರಲ್ಲಿ ಬಂದವು. ಇವುಗಳ ಪೀಡೆ ಮೊದಲಿನದಕ್ಕಿಂತ ಕಡಿಮೆ, ಗುಣ ಹೆಚ್ಚು. ಹರಡಿದ ರೋಗವುಳ್ಳವರಿಗೆ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎರಡನ್ನೂ ಕೂಡಿಸಿ ಕೊಟ್ಟ ಅಧ್ಯಯನವೊಂದರಲ್ಲಿ ಹತ್ತು ವರ್ಷಗಳ ಅನಂತರವೂ 100ಕ್ಕೆ 43 ಮಂದಿ ಜೀವದಿಂದಿದ್ದರೆಂದು 2024ರಲ್ಲಿ ಪ್ರಕಟವಾಯಿತು. ವರ್ಷ ತುಂಬುವುದೇ ಕಷ್ಟವಾಗಿದ್ದ ರೋಗದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಆದರೆ ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಅಧ್ಯಯನಗಳಲ್ಲಿದ್ದವರು ಬಹುಪಾಲು ಬಿಳಿಯ ಚರ್ಮದವರು, ಬಿಸಿಲಿನಿಂದ ರೋಗ ಬಂದವರು. ಅಂಗಾಲಿನ ಮತ್ತು ಬಾಯಿ, ಗುದಗಳ ಒಳಪೊರೆಯ ಮೆಲನೋಮಾಗಳು ಈ ಔಷಧಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಪತ್ರಿಕೆಗಳಲ್ಲಿ ಬರುವ ಅದ್ಭುತ ವಾರ್ತೆಗಳನ್ನು ಓದುವಾಗ ನಮ್ಮವರು ಇದನ್ನು ಮರೆಯಬಾರದು. ಲಗಾಮು ಸಡಿಲಿಸಿದ ಸೈನ್ಯವು ಮನೆಯವರನ್ನೇ ಹೊಡೆಯುವ ಪ್ರಸಂಗವೂ ಉಂಟು: ಕರುಳಿನ ಉರಿತದಿಂದ ಭೇದಿ, ಥೈರಾಯ್ಡ್ ಗ್ರಂಥಿಯ ಕೆಡುಕು, ಶ್ವಾಸಕೋಶ ಮತ್ತು ಪಿತ್ತಕೋಶಗಳ ಉರಿತ, ವಿರಳವಾಗಿ ಹೃದಯದ ಸ್ನಾಯುಗಳ ಉರಿತ. ಔಷಧ ನಿಂತ ತಿಂಗಳುಗಳ ಅನಂತರವೂ ಇವು ತೋರಬಹುದು. ಇಂತಹ ರೋಗಿಗೆ ಭೇದಿಯಾದರೆ ಗಂಜಿ, ಮಜ್ಜಿಗೆ ಕೊಟ್ಟು ಕಾಯುತ್ತ ಕುಳಿತುಕೊಳ್ಳದೆ, ಔಷಧ ಕೊಟ್ಟ ಆಸ್ಪತ್ರೆಗೆ ಅಂದೇ ತಿಳಿಸಬೇಕು. ಹೊತ್ತಿಗೆ ಸರಿಯಾಗಿ ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಿನವು ಶಮನವಾಗುತ್ತವೆ.

2011ರ ಎರಡನೆಯ ಬಗೆ ಗುಳಿಗೆಗಳು. ಮೆಲನೋಮಾ ಕೋಶಗಳಲ್ಲಿ ಬಿ-ರಾಫ್ ಎಂಬ ವಂಶವಾಹಿಯಲ್ಲಿ ಮಾರ್ಪಾಡಾಗಿರುವುದು 2002ರಲ್ಲಿ ಗೊತ್ತಾಯಿತು. ಬಿಳಿಯರ ಚರ್ಮದ ಮೆಲನೋಮಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಮಾರ್ಪಾಡಿದೆ. ಅಂಗಾಲಿನದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಇರುವವರಿಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಗುಳಿಗೆಗಳು ಬೇಗನೆ ಕೆಲಸ ಮಾಡುತ್ತವೆ. ಕಾಲಕ್ರಮದಲ್ಲಿ ಅನೇಕರಲ್ಲಿ ರೋಗ ಮರಳುತ್ತದೆ. ಅಂಗಾಲಿನ ಮತ್ತು ಒಳಪೊರೆಯ ರೋಗವುಳ್ಳ ಕೆಲವರಲ್ಲಿ ಕಿಟ್ ಎಂಬ ಇನ್ನೊಂದು ವಂಶವಾಹಿಯ ಮಾರ್ಪಾಡು ಕಾಣುತ್ತದೆ. ಅಂಥವರಲ್ಲಿ ಕೆಲವರಿಗೆ ಇಮಾಟಿನಿಬ್ ಗುಳಿಗೆ ಉಪಕರಿಸುತ್ತದೆ. ಇದರ ಪೇಟೆಂಟ್ ಕೋರಿಕೆಯನ್ನು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿದ ಕಾರಣ ಭಾರತೀಯ ಕಂಪನಿಗಳ ಅಗ್ಗದ ಗುಳಿಗೆ ನಮಗೆ ದೊರೆಯುತ್ತದೆ. ಆದುದರಿಂದ ಹರಡಿದ ರೋಗದಲ್ಲಿ ಈ ಎರಡು ವಂಶವಾಹಿಗಳ ಪರೀಕ್ಷೆಯನ್ನು ಮಾಡಿಸುವುದು ವ್ಯರ್ಥ ಖರ್ಚಲ್ಲ.

ಇತ್ತೀಚಿನ ಬದಲಾವಣೆಯೆಂದರೆ ಔಷಧ ಮತ್ತು ಶಸ್ತ್ರಕ್ರಿಯೆಗಳ ಅನುಕ್ರಮ. ಗ್ರಂಥಿಗಳಲ್ಲಿ ಗಂಟು ಕಾಣಿಸಿಕೊಂಡವರಿಗೆ ಮೊದಲು ಶಸ್ತ್ರಕ್ರಿಯೆ ಮಾಡಿ ಬಳಿಕ ಒಂದು ವರ್ಷ ಔಷಧ ಕೊಡುವುದು ರೂಢಿಯಾಗಿತ್ತು. ಗಡ್ಡೆ ಒಳಗಿರುವಾಗಲೇ ಕೆಲವು ಸಲ ಔಷಧ ಕೊಟ್ಟು, ಆಮೇಲೆ ಶಸ್ತ್ರಕ್ರಿಯೆ ಮಾಡಿದರೆ ರೋಗ ಮರಳುವುದು ಕಡಿಮೆಯೆಂದು 2023 ಮತ್ತು 2024ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿವೆ. ಶತ್ರು ಕಣ್ಣೆದುರಿಗಿದ್ದರೆ ಸೈನ್ಯಕ್ಕೆ ಅವನ ಗುರುತು ಚೆನ್ನಾಗಿ ಸಿಗುತ್ತದೆಯೆಂಬುದು ಇದರ ತಾತ್ಪರ್ಯ. ವಿಕಿರಣ ಚಿಕಿತ್ಸೆಗೆ ಈ ರೋಗದಲ್ಲಿ ಸ್ಥಾನ ಚಿಕ್ಕದು: ಮೆದುಳಿಗೆ ಹರಡಿದ ಗಂಟುಗಳನ್ನು ಗುರಿಯಿಟ್ಟು ಸುಡಲು, ಎಲುಬಿನ ನೋವು ಶಮನಗೊಳಿಸಲು. ರೋಗಿಯ ಗಡ್ಡೆಯಿಂದಲೇ ರೋಗನಿರೋಧಕ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ರಕ್ತಕ್ಕೆ ಸೇರಿಸುವ ಚಿಕಿತ್ಸೆಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದರ ಬೆಲೆಯನ್ನು ಕೇಳಿದರೆ ನಮ್ಮಂಥವರ ಎದೆ ಒಡೆಯಬಹುದು.

ಬೆಲೆಯ ಮಾತು ಬಂದಿತು. ಲಗಾಮು ಸಡಿಲಿಸುವ ಔಷಧಗಳ ಖರ್ಚು ನಮ್ಮ ದೇಶದಲ್ಲಿಯೂ ಲಕ್ಷಗಳ ಲೆಕ್ಕದ್ದು. ಗಂಜಿಯಕ್ಕನ ಮಕ್ಕಳು ತೋಟದ ಒಂದು ಭಾಗವನ್ನು ಮಾರಿ ಮೂರು ಸಲ ಔಷಧ ಕೊಡಿಸಿದರು. ನಾಲ್ಕನೆಯದಕ್ಕೆ ಹಣವೂ ಇರಲಿಲ್ಲ, ಅವರಲ್ಲಿ ಶಕ್ತಿಯೂ ಉಳಿದಿರಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ ಮತ್ತು ಗಂಟಲಿನ ಅರ್ಬುದಕ್ಕೆ ವಾಡಿಕೆಯ ಪ್ರಮಾಣದ ಹತ್ತನೆಯ ಒಂದಂಶಕ್ಕೂ ಕಡಿಮೆ, ಎಂದರೆ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟು ಒಳ್ಳೆಯ ಫಲ ಕಂಡುದನ್ನು 2022ರಲ್ಲಿ ಪ್ರಕಟಿಸಿದ್ದಾರೆ. ಆ ಫಲವನ್ನು ಮೆಲನೋಮಾಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ಬಡರಾಷ್ಟ್ರದ ವೈದ್ಯರು ಬಡವರಿಗಾಗಿ ಯೋಚಿಸುತ್ತಿದ್ದಾರೆಂಬುದು ಸಂತೋಷದ ವಿಷಯ. ವಾಸಿಯಾಗದ ಹಂತದಲ್ಲಿ ದುಬಾರಿ ಔಷಧಕ್ಕೆ ಮನೆ ಮಾರುವ ಮೊದಲು, ಇದರಿಂದ ನಿರೀಕ್ಷಿಸಬಹುದಾದದ್ದೇನೆಂದು ವೈದ್ಯರಲ್ಲಿ ನೇರವಾಗಿ ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ನೋವು ನಿವಾರಣೆಯೂ ಚಿಕಿತ್ಸೆಯೇ. ಮನೆಗೇ ಬಂದು ಸಾಂತ್ವನ ಚಿಕಿತ್ಸೆ ಕೊಡುವ ವ್ಯವಸ್ಥೆಯಲ್ಲಿ ಕೇರಳವು ದೇಶಕ್ಕೆ ಮಾದರಿಯಾಗಿದೆ. ಕೊನೆಯ ಎರಡು ತಿಂಗಳು ಗಂಜಿಯಕ್ಕನಿಗೆ ನಿದ್ರೆ ಬಂದದ್ದು ಪಂಚಾಯತಿನ ದಾದಿಯವರು ತಂದ ಔಷಧದಿಂದ.

ಸಂಶಯವಾದರೆ ಎಲ್ಲಿಗೆ ಹೋಗಬೇಕು? ಮೊದಲು ಚರ್ಮವೈದ್ಯರಲ್ಲಿಗೆ. ರೋಗ ಖಚಿತವಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವು ಸರಕಾರಿ ನೆಲೆಯವು. ನಮ್ಮವರು ಸಹಜವಾಗಿ ಮಂಗಳೂರಿಗೆ ಹೋಗುತ್ತಾರೆ. ಭಾಷೆಯೂ ದಾರಿಯೂ ಅನುಕೂಲ. ಆದರೆ ಸರಕಾರದ ಆರೋಗ್ಯ ವಿಮೆಯ ಕಾರ್ಡುಳ್ಳವರು ಕೇರಳದ ತಮ್ಮ ಕಾರ್ಡು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ, ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಕೌಂಟರಿನಲ್ಲಿ ವಿಚಾರಿಸತಕ್ಕದ್ದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವವರು ವರದಿಯ ಕಾಗದದೊಡನೆ ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಅಚ್ಚನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದುಕೊಳ್ಳಬೇಕು. ‘ಬ್ಲಾಕ್ ಮತ್ತು ಸ್ಲೈಡ್’ ಎಂದು ಕೇಳಿದರೆ ಪ್ರಯೋಗಾಲಯದವರಿಗೆ ತಿಳಿಯುತ್ತದೆ. ಆಳವನ್ನು ಮತ್ತೊಮ್ಮೆ ಅಳೆಯುವುದಕ್ಕೂ ವಂಶವಾಹಿಯ ಪರೀಕ್ಷೆಗೂ ಅದೇ ಸಾಕು. ಎಷ್ಟೋ ವೇಳೆ ಎರಡನೆಯ ಸಲ ಕಾಲನ್ನು ಕತ್ತರಿಸಿ ತುಣುಕು ತೆಗೆಯುವ ಅಗತ್ಯ ಬೀಳುವುದಿಲ್ಲ.